ಸ್ವಿಂಗ್ ಕಾಲದ ತಟ್ಟೆ, ವಾಲ್ವ್ ರೇಡಿಯೋ, ನಡುವೆ ಒಂದು ಸಣ್ಣ ಎಎಂ ಟ್ರಾನ್ಸ್‌ಮಿಟರ್: ಹೇಗೆ, ಎಷ್ಟು, ಎಲ್ಲಿ ಕೆಡುತ್ತದೆ

#1 ಓಹಾಯೋ_ಡಯಲ್

ಎಲ್ಲರಿಗೂ ನಮಸ್ಕಾರ. ಸಾಮಾನಿನ ವಿವರ ಮೊದಲೇ ಕೊಡುತ್ತೇನೆ, ಉತ್ತರಿಸುವವರಿಗೆ ಅನುಕೂಲ. 1940ರ ಆಸುಪಾಸಿನ ಐದು ವಾಲ್ವಿನ ಅಮೆರಿಕನ್ ಟೇಬಲ್ ರೇಡಿಯೋ, ಮೀಡಿಯಂ ವೇವ್ ಮಾತ್ರ, ಡಯಲ್ 1600 ಕಿಲೋಹರ್ಟ್ಸ್‌ಗೆ ಮುಗಿಯುತ್ತದೆ. 1927ರಿಂದ 1946ರವರೆಗಿನ ಸುಮಾರು 200 ಅರಗಿನ (ಶೆಲ್ಯಾಕ್) ಗ್ರಾಮಫೋನ್ ತಟ್ಟೆ: ಡಾನ್ಸ್ ಬ್ಯಾಂಡ್, ಸ್ವಿಂಗ್ (ಕುಣಿತದ ಜಾಝ್), ಆ ಕಾಲದ ಜನಪ್ರಿಯ ಹಾಡುಗಳು. ನಿಮಿಷಕ್ಕೆ 78 ಸುತ್ತು ತಿರುಗುವ ಟರ್ನ್‌ಟೇಬಲ್ ಇದೆ, ಅದಕ್ಕಿರುವುದು ಎಲ್‌ಪಿ ಮುಳ್ಳು. ಈ ಸಂಗೀತ ರೇಡಿಯೋ ಡಯಲಿನಲ್ಲಿ ಸಿಗಬೇಕು. ಸಾಧ್ಯವಾದರೆ ಅಕ್ಕಪಕ್ಕದ ಎರಡು ಮನೆಯ ಹಳೇ ಸೆಟ್ಟುಗಳಿಗೂ. ಊರು ಓಹಾಯೋದಲ್ಲಿ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದೆ. 75 ಮೀಟರ್ ಬ್ಯಾಂಡಿನಲ್ಲಿ ಎಎಂ ಮೋಡ್‌ನಲ್ಲಿ ವಾರಕ್ಕೊಂದು ಗಂಟೆ ಹಾಕಬಹುದೇ? ಬೇರೆ ದಾರಿ ಇದ್ದರೆ ಅದೂ ತಿಳಿಸಿ.

#2 ಮೂರು_ಮೀಟರ್

ಹ್ಯಾಮ್ ಬ್ಯಾಂಡಿನಲ್ಲಿ ಸಂಗೀತ ಬೇಡವೇ ಬೇಡ ಸರ್. ಅಮೆರಿಕದ ಸಂವಹನ ಆಯೋಗ ಎಫ್‌ಸಿಸಿಯ ನಿಯಮ 97.113 ಅದನ್ನು ನೇರವಾಗಿ ನಿಷೇಧಿಸುತ್ತದೆ. ಬಾಹ್ಯಾಕಾಶ ಯಾತ್ರಿಗಳ ಮಾತು ಮರುಪ್ರಸಾರ ಮಾಡುವಾಗ ಹಿನ್ನೆಲೆಯಲ್ಲಿ ಅಕಸ್ಮಾತ್ ಸಂಗೀತ ಬಂದರೆ ಅಷ್ಟಕ್ಕೆ ವಿನಾಯಿತಿ. ಭಾರತದಲ್ಲೂ ಹ್ಯಾಮ್ ಲೈಸೆನ್ಸ್ ಇರುವುದು ಪರಸ್ಪರ ಮಾತಿಗೆ, ಕಲಿಕೆಗೆ, ಪ್ರಯೋಗಕ್ಕೆ. ಪ್ರಸಾರಕ್ಕೆ ಅಲ್ಲ.

ಇದು ಮೊದಲಿಂದ ಹೀಗಿರಲಿಲ್ಲ. 1919ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್ ಪಕ್ಕದ ವಿಲ್ಕಿನ್ಸ್‌ಬರ್ಗ್‌ನಲ್ಲಿ ಫ್ರಾಂಕ್ ಕಾನ್ರಾಡ್ ತನ್ನ 8ಎಕ್ಸ್‌ಕೆ ಹವ್ಯಾಸಿ ಕೇಂದ್ರದ ಮೈಕಿನ ಮುಂದೆ ಫೋನೋಗ್ರಾಫ್ ಇಟ್ಟು ತಟ್ಟೆ ನುಡಿಸಿದ. ತಟ್ಟೆ ಖಾಲಿಯಾದಾಗ ಅಂಗಡಿಯೊಂದು ಎರವಲು ಕೊಟ್ಟಿತು. ಬದಲಿಗೆ ಅಂಗಡಿಯ ಹೆಸರು ಹೇಳಬೇಕಿತ್ತು. ಒಂದು ವರ್ಷದಲ್ಲಿ ಅದೇ ಕೆಲಸ ಕೆಡಿಕೆಎ ಎಂಬ ಪ್ರಸಾರ ಕೇಂದ್ರವಾಯಿತು. 1922ರ ಜನವರಿಯಲ್ಲಿ ಹವ್ಯಾಸಿಗಳು ಸಂಗೀತ ಪ್ರಸಾರ ಮಾಡುವುದನ್ನು ಅಮೆರಿಕ ಸರ್ಕಾರ ನಿಲ್ಲಿಸಿತು, ಇವತ್ತಿಗೂ ಅದೇ ಗೆರೆ.

ನಿಮಗೆ ಬೇಕಾದ ದಾರಿ ಎಫ್‌ಸಿಸಿ ನಿಯಮಗಳ ಪಾರ್ಟ್ 15. ನಿಯಮ 15.219 ಪ್ರಕಾರ 510ರಿಂದ 1705 ಕಿಲೋಹರ್ಟ್ಸ್ ಒಳಗೆ ಲೈಸೆನ್ಸ್ ಇಲ್ಲದೆ ಕಳಿಸಬಹುದು. ಷರತ್ತು ಎರಡು. ಟ್ರಾನ್ಸ್‌ಮಿಟರಿನ ಕೊನೆಯ ಹಂತಕ್ಕೆ ಹೋಗುವ ಡಿಸಿ ಶಕ್ತಿ 100 ಮಿಲಿವ್ಯಾಟ್ ಮೀರಬಾರದು. ಆಂಟೆನಾ, ಅದಕ್ಕೆ ಹೋಗುವ ಕೇಬಲ್, ಅರ್ಥ್ ತಂತಿ ಮೂರೂ ಕೂಡಿ 3 ಮೀಟರ್ ದಾಟಬಾರದು. ಎರಡನೆಯದನ್ನೇ ಜನ ಮರೆಯುವುದು: ಚಾವಣಿ ಮೇಲೆ 3 ಮೀಟರ್ ಕಡ್ಡಿ ನಿಲ್ಲಿಸಿ, ಅಲ್ಲಿಂದ ನೆಲಕ್ಕೆ 8 ಮೀಟರ್ ಅರ್ಥ್ ತಂತಿ ಇಳಿಸಿದರೆ ಆ ತಂತಿಯೇ ಆಂಟೆನಾ ಆಗುತ್ತದೆ, ನಿಯಮವೂ ಮುರಿಯುತ್ತದೆ.

ನೀವೇ ಕಟ್ಟಿದ ಟ್ರಾನ್ಸ್‌ಮಿಟರ್ ಆದರೆ 15.23 ಪ್ರಕಾರ ಸ್ವಂತ ಬಳಕೆಗೆ ಐದರವರೆಗೆ ಪ್ರಮಾಣಪತ್ರ ಬೇಕಿಲ್ಲ. ಕಿಟ್ ತಂದು ಜೋಡಿಸಿದ್ದಕ್ಕೆ ಈ ರಿಯಾಯಿತಿ ಇಲ್ಲ. ಮಿತಿ ದಾಟಿ ಊರಿಗೆಲ್ಲ ಕೇಳಿಸಲು ಹೊರಟರೆ ಅದು ಕಳ್ಳ ಪ್ರಸಾರ. 2020ರ ಕಾಯ್ದೆಯ ನಂತರ ದಂಡ ದಿನಕ್ಕೆ 1 ಲಕ್ಷ ಡಾಲರ್‌ಗೂ ಮೇಲೆ ಹೋಗಬಹುದು.

#3 ಧಾರವಾಡ_ಬೆಸುಗೆ

ಟ್ರಾನ್ಸ್‌ಮಿಟರ್ ಆಮ್ಯಾಗ ನೋಡೂಣ್ರಿ, ಮೊದ್ಲ ಸೆಟ್. ಐದು ವಾಲ್ವಿನ ಅಮೆರಿಕನ್ ಟೇಬಲ್ ಸೆಟ್ ಅಂದ್ರ 12ಎಸ್‌ಎ7, 12ಎಸ್‌ಕೆ7, 12ಎಸ್‌ಕ್ಯೂ7, 50ಎಲ್6, 35ಝಡ್5 ಇರಬೇಕು. ಹೀಟರ್ ಎಲ್ಲಾ ಸಾಲಾಗಿ ಕೂಡಿಸಿ ನೇರ ಮೇನ್ಸ್‌ಗೆ ಕೊಟ್ಟಿರ್ತಾರ. ಪವರ್ ಟ್ರಾನ್ಸ್‌ಫಾರ್ಮರ್ ಇರೂದಿಲ್ರಿ. ಅಂದ್ರ ಚಾಸಿ (ಒಳಗಿನ ಲೋಹದ ಚೌಕಟ್ಟು) ಮೇನ್ಸಿನ ಒಂದು ಎಳಿಗೆ ಅಂಟಿಕೊಂಡಿರ್ತದ. ಪ್ಲಗ್ ಉಲ್ಟಾ ಕುಂತ್ರ ಚಾಸಿಗೆ 120 ವೋಲ್ಟ್. ಗುಂಡಿ ಕಿತ್ತು ಹೋಗಿ ಬರೇ ಕಬ್ಬಿಣದ ದಂಡ ಉಳಿದಿದ್ರ ಅದನ್ನ ತಿರುಗಿಸಾಕ ಹೋಗಬ್ಯಾಡ್ರಿ. ಮಾರ್ಕೆಟ್ಟಿನ್ಯಾಗ 1:1 ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಸಿಗ್ತಾವ, 100 ವಿಎ ಧಾರಾಳ ಸಾಕು.

ಕಂಪ್ಯೂಟರಿನ ವಾಯರ್ ತಂದು ನೇರ ವಾಲ್ಯೂಮ್ ಕಂಟ್ರೋಲಿಗೆ ಬೆಸುಗೆ ಹಾಕೂ ಮಂದಿ ಅದಾರ. ಈ ಸೆಟ್ಟಿಗೆ ಹಂಗ ಮಾಡಿದ್ರ ಕಂಪ್ಯೂಟರಿನ ಲೋಹದ ಮೈಗೂ ಕರೆಂಟ್. ಅದಕ್ಕ ಗಾಳಿ ಮ್ಯಾಲ ಕಳಸೂದ ಛಲೋ.

ಇನ್ನೊಂದು. ಮೇಣ ಮೆತ್ತಿದ ಕಾಗದದ ಕೆಪಾಸಿಟರ್ ಎಲ್ಲಾ ತೆಗೀರಿ, ಫಿಲ್ಮ್ ಹಾಕ್ರಿ, 630 ವೋಲ್ಟಿನವು. 50ಎಲ್6 (ಸ್ಪೀಕರ್ ನಡಸೂ ವಾಲ್ವ್) ಗ್ರಿಡ್ಡಿಗೆ ಹೋಗೂ ಕಪ್ಲಿಂಗ್ ಕೆಪಾಸಿಟರ್ ಸೋರಾಕ ಹತ್ತಿದ್ರ ಗ್ರಿಡ್ ಪಾಸಿಟಿವ್ ಆಗಿ ವಾಲ್ವ್ ಕಾಯ್ತದ, ತುತ್ತೂರಿ ದನಿ ಒಡದ ಬರ್ತದ. ಮಂದಿ ತಟ್ಟಿ ಹಾಳಾಗೇದ ಅಂತ ತಿಳೀತಾರ.

#4 ಅರಗಿನ_ತಟ್ಟೆ

ಪವರ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಈ ಕೆಲಸದಲ್ಲಿ ಕಿವಿಗೆ ಗೊತ್ತಾಗುವ ವ್ಯತ್ಯಾಸದಲ್ಲಿ ಮುಕ್ಕಾಲು ಪಾಲು ಬರುವುದು ತಟ್ಟೆಯಿಂದ ಧ್ವನಿ ತೆಗೆಯುವ ಹಂತದಲ್ಲೇ. ಅಲ್ಲಿ ಕೆಟ್ಟರೆ 100 ಮಿಲಿವ್ಯಾಟ್ ಇರಲಿ, 100 ಕಿಲೋವ್ಯಾಟ್ ಇರಲಿ, ಕೆಟ್ಟದ್ದೇ ಹೋಗುತ್ತದೆ.

ಮೊದಲು ತೊಳೆಯುವುದು. ಸ್ಪಿರಿಟ್, ಐಸೊಪ್ರೊಪೈಲ್, ಅಂಗಡಿಯ ಎಲ್‌ಪಿ ಕ್ಲೀನರ್ ಯಾವುದೂ ಅರಗಿನ ತಟ್ಟೆಗೆ ತಾಗಬಾರದು. ಬಡಗಿಗಳು ಸ್ಪಿರಿಟ್‌ನಲ್ಲಿ ಅರಗು ಕರಗಿಸಿಯೇ ಪಾಲಿಶ್ ಮಾಡುವುದು. ನಿಮ್ಮ ತಟ್ಟೆಯೂ ಹಾಗೇ ಕರಗುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವ ಅರಗು, ಈ ತಟ್ಟೆಯ ಅರಗು ಒಂದೇ ಜಾತಿ. ಒಂದು ಲೀಟರ್ ಡಿಸ್ಟಿಲ್ಡ್ ನೀರು, ಅದಕ್ಕೆ ಫೋಟೊ ತೊಳೆಯಲು ಬಳಸುವ ವೆಟಿಂಗ್ ಏಜೆಂಟ್ ನಾಲ್ಕೈದು ಹನಿ. ಮೃದುವಾದ ಕೂದಲಿನ ಬ್ರಷ್ಷಿನಲ್ಲಿ ಗೀರಿನ ಉದ್ದಕ್ಕೇ ಸುತ್ತು ಹೊಡೆಯಿರಿ, ಅಡ್ಡಡ್ಡ ಉಜ್ಜಬೇಡಿ. ಲೇಬಲ್‌ಗೆ ನೀರು ಸೋಕಬಾರದು. ಬರೀ ಡಿಸ್ಟಿಲ್ಡ್ ನೀರಲ್ಲಿ ಮತ್ತೊಮ್ಮೆ ಒರೆಸಿ ತಕ್ಷಣ ಒಣಗಿಸಿ. ಅಂಚಿನಲ್ಲಿ ಸೀಳಿದ್ದರೆ ಒಳಗೆ ನೀರು ಇಳಿದು ಪದರ ಏಳುತ್ತದೆ, ಪದರಪದರವಾಗಿ ಒತ್ತಿದ ಕೊಲಂಬಿಯಾ ತಟ್ಟೆಗಳಲ್ಲಿ ಇದು ಹೆಚ್ಚು. ಅಂಥದಕ್ಕೆ ಒಣ ಬ್ರಷ್ಷೇ ಸಾಕು. ದಪ್ಪನೆಯ ಎಡಿಸನ್ ಡೈಮಂಡ್ ಡಿಸ್ಕ್ ಇದ್ದರೆ ನೀರು ತೋರಿಸಲೇಬೇಡಿ.

ಮುಳ್ಳು. ಎಲ್‌ಪಿ ಮುಳ್ಳಿನ ತುದಿ 0.7 ಮಿಲ್ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಮಿಲ್), ಅಂದರೆ ಸುಮಾರು 18 ಮೈಕ್ರಾನ್. 78ರ ಗೀರಿಗೆ ಬೇಕಾದ್ದು 3 ಮಿಲ್, 76 ಮೈಕ್ರಾನ್. ಸಣ್ಣ ಮುಳ್ಳು ಗೋಡೆಗಳ ನಡುವೆ ನಿಲ್ಲದೆ ತಳಕ್ಕೆ ಬೀಳುತ್ತದೆ. ತಳದಲ್ಲಿ ಸಂಗೀತ ಇಲ್ಲ. ಇರುವುದು ಧೂಳು, ಮತ್ತು ಹಿಂದಿನ ಉಕ್ಕಿನ ಮುಳ್ಳುಗಳು ಅರೆದು ಬಿಟ್ಟ ಬೂದು ಪುಡಿ. ಕರಕರ ಶಬ್ದ ಹೆಚ್ಚಿ ಹಾಡು ಸಣ್ಣಗಾಗುವುದು ಇದರಿಂದ. ಸುಲಭಕ್ಕೆ ಸಿಗುವ ಪರಿಹಾರ ಆಡಿಯೋ ಟೆಕ್ನಿಕಾದ ವಿಎಂ95ಎಸ್‌ಪಿ: 3 ಮಿಲ್ ಗೋಳಾಕಾರದ ತುದಿ, 5 ಗ್ರಾಂ ಭಾರ. ಎಲ್‌ಪಿಗೆ ಇಡುವ 2 ಗ್ರಾಮಿನಲ್ಲಿ ಇದನ್ನು ಓಡಿಸಿದರೆ ಜೋರು ಜಾಗದಲ್ಲಿ ಹಾರುತ್ತದೆ. ಮೇಲ್ಭಾಗ ಸವೆದ ತಟ್ಟೆಗೆ 2.5 ಅಥವಾ 2.8 ಮಿಲ್‌ನ ಮೊಂಡು ಮಾಡಿದ ತುದಿ ಹಾಕಿದರೆ ಸವೆಯದ ಗೋಡೆ ಸಿಗುತ್ತದೆ. ಒಂದು ಸಾಕಾಗದು ಎನ್ನಿಸಿದಾಗ ಎರಡನೆಯದು ಕೊಳ್ಳಿ, ಮೊದಲೇ ಬೇಡ.

ವೇಗ. 60 ಹರ್ಟ್ಸ್ ಕರೆಂಟಿನ ದೇಶದಲ್ಲಿ ನಿಜವಾದ ಲೆಕ್ಕ 78.26, ವೇಗ ನೋಡಲು ತಟ್ಟೆ ಮೇಲಿಡುವ ಸ್ಟ್ರೋಬ್ ಚಕ್ರದಲ್ಲಿ 92 ಗೆರೆ. 50 ಹರ್ಟ್ಸ್‌ನಲ್ಲಿ 77.92, 77 ಗೆರೆ. ಈಗಿನ ಎಲ್‌ಇಡಿ ಬಲ್ಬಿನ ಕೆಳಗೆ ಗೆರೆ ನಿಲ್ಲುವುದು ನಂಬಿಕೆಯಲ್ಲ, ಹಳೇ ತಂತಿ ಬಲ್ಬೋ ನಿಯಾನ್ ದೀಪವೋ ಬೇಕು. 1925ಕ್ಕೆ ಮುಂಚಿನ ಕೊಲಂಬಿಯಾ ತಟ್ಟೆ ಎಷ್ಟೋ 80ರವು. 80ರದನ್ನು 78.26ರಲ್ಲಿ ಓಡಿಸಿದರೆ ಶ್ರುತಿ ಸುಮಾರು 38 ಸೆಂಟ್ ಇಳಿಯುತ್ತದೆ, ಅರ್ಧ ಸ್ವರವೆಂದರೆ 100 ಸೆಂಟ್, ಅದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಕೇಳುವವರಿಗೆ ಕಾರಣ ಗೊತ್ತಾಗದು, ಆದರೆ ತಾಳ ಸೋಮಾರಿಯಾಗಿದೆ ಅನಿಸುತ್ತದೆ. ಬ್ಯಾಂಡಿನ ಪಿಯಾನೋ ಸ್ವರ ಹಿಡಿದು ಟ್ಯೂನರ್ ಆ್ಯಪ್‌ನಲ್ಲಿ ನೋಡಿ ಸರಿ ಮಾಡಿ.

#5 ಓಹಾಯೋ_ಡಯಲ್

ಮೇಡಂ, ತುಂಬಾ ಉಪಕಾರವಾಯಿತು. ಟರ್ನ್‌ಟೇಬಲ್ಲಿನಲ್ಲೇ ಫೋನೋ ಪ್ರಿಆಂಪ್ ಇದೆ, ಯುಎಸ್‌ಬಿ ಕೂಡ. ಅದರಿಂದ ಬರುವ ಸಿಗ್ನಲ್ಲನ್ನು ಹಾಗೇ ಬಳಸಬಹುದೇ? ಮಂಕಾಗಿ ಕೇಳುತ್ತದೆ.

#6 ಅರಗಿನ_ತಟ್ಟೆ

ಮಂಕಾಗಲೇಬೇಕು. ಒಳಗಿರುವುದು ಆರ್‌ಐಎಎ ಕರ್ವ್ (ತಟ್ಟೆ ಕೆತ್ತುವಾಗ ಮಾಡಿದ ಏರಿಳಿತವನ್ನು ನುಡಿಸುವಾಗ ಸರಿಪಡಿಸುವ ಲೆಕ್ಕ), 1950ರ ದಶಕದ ಎಲ್‌ಪಿಗೆ ಮಾಡಿದ್ದು. ಅದು 10 ಕಿಲೋಹರ್ಟ್ಸ್‌ನಲ್ಲಿ 13.7 ಡೆಸಿಬಲ್ ಇಳಿಸುತ್ತದೆ. ನಿಮ್ಮ ತಟ್ಟೆ ಕೆತ್ತುವಾಗ ಹೆಚ್ಚಿನವಕ್ಕೆ ಆ ಮಟ್ಟದ ಏರಿಕೆ ಕೊಟ್ಟಿರಲೇ ಇಲ್ಲ. ಕೆಳಗಡೆಯೂ ಹಾಗೇ: ಆರ್‌ಐಎಎ 500 ಹರ್ಟ್ಸ್‌ನಿಂದ ಕೆಳಕ್ಕೆ ಬಾಸ್ ಎತ್ತುತ್ತದೆ, ಯುರೋಪಿನ ಎಚ್‌ಎಂವಿ ತಟ್ಟೆಗಳಿಗೆ 250ರಿಂದ ಎತ್ತಿದರೆ ಸಾಕು. ಅಂಥ ತಟ್ಟೆ ಆರ್‌ಐಎಎಯಲ್ಲಿ ಬಂದರೆ ಬಾಸ್ 6 ಡೆಸಿಬಲ್ ಹೆಚ್ಚಾಗಿ ಡೊಳ್ಳಿನ ಹಾಗೆ ಕೇಳುತ್ತದೆ.

ಇನ್‌ಬಿಲ್ಟ್ ಪ್ರಿಆಂಪ್ ಸ್ವಿಚ್ ಆಫ್ ಆಗುವ ಹಾಗಿದ್ದರೆ ಆಫ್ ಮಾಡಿ, ಕರ್ವ್ ಇಲ್ಲದ ಪ್ರಿಆಂಪ್‌ನಿಂದ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಸ್ಟೀರಿಯೋವಾಗಿ ರೆಕಾರ್ಡ್ ಮಾಡಿ. ತಟ್ಟೆ ಮೋನೋ ಅಂತ ಮೋನೋದಲ್ಲಿ ತೆಗೆಯಬೇಡಿ. ಎರಡು ಗೋಡೆಯೂ ಬೇರೆಬೇರೆ ಸವೆದಿರುತ್ತವೆ. ಎಡ ಬಲ ಎರಡೂ ಕೇಳಿ, ಒಂದು ಸ್ಪಷ್ಟವಾಗಿ ಸ್ವಚ್ಛವಿದ್ದರೆ ಅದೊಂದನ್ನೇ ಇಟ್ಟುಕೊಳ್ಳಿ. ಸಮವಾಗಿದ್ದರೆ ಕೂಡಿಸಿ, ಮುಳ್ಳು ಮೇಲೆ ಕೆಳಗೆ ಕುಣಿದದ್ದರಿಂದ ಬಂದ ಗದ್ದಲ ಕೂಡಿಸಿದಾಗ ರದ್ದಾಗುತ್ತದೆ.

ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಮೊದಲು ಕರಕರ ತೆಗೆಯಿರಿ, ಆಮೇಲೆ ಕರ್ವ್ ಕೊಡಿ. ಕರ್ವ್ ಮೊದಲಾದರೆ ಚೂಪಾಗಿದ್ದ ಕ್ಲಿಕ್ ಸವರಿ ಅಗಲವಾಗುತ್ತದೆ, ಸಾಫ್ಟ್‌ವೇರ್ ಗುರುತಿಸದು. 30ರ ದಶಕದ ಕೊನೆಯ ಅಮೆರಿಕನ್ ಕೊಲಂಬಿಯಾಕ್ಕೆ ಬಾಸ್ ಎತ್ತುವುದು 300 ಹರ್ಟ್ಸ್‌ನಿಂದ ಕೆಳಕ್ಕೆ, ಮೇಲೆ 10 ಕಿಲೋಹರ್ಟ್ಸ್‌ನಲ್ಲಿ ಮೈನಸ್ 16 ಡೆಸಿಬಲ್ ಎಂಬುದು ಸಾಮಾನ್ಯ ಆರಂಭ. ಅಮೆರಿಕನ್ ಡೆಕ್ಕಾಗೆ 400, ಮೈನಸ್ 12. ಇವು ವೇದವಾಕ್ಯ ಅಲ್ಲ, ಇಲ್ಲಿಂದ ಶುರು ಮಾಡಿ ಹಾಡುಗಾರರ ದನಿ ಮನುಷ್ಯರ ದನಿಯ ಹಾಗೆ ಬರುವವರೆಗೆ ಸರಿ ಮಾಡಿಕೊಳ್ಳಿ.

60 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಟರ್ನ್‌ಟೇಬಲ್ಲಿನ ಗುಡುಗುಡು ಕೇಳದಿದ್ದರೂ ಮಾಡ್ಯುಲೇಶನ್ (ಅಲೆಯ ಮೇಲೆ ಧ್ವನಿ ಹೊರಿಸುವ ಮಟ್ಟ) ತಿನ್ನುತ್ತದೆ, ಹಾಡಿಗೆ ಜಾಗ ಉಳಿಯುವುದಿಲ್ಲ. ನಾಯ್ಸ್ ರಿಡಕ್ಷನ್ ಮಾತ್ರ ಕೈಬಿಡಿ. ನಿಮ್ಮ ರೇಡಿಯೋದ ಐಎಫ್ (ನಡುವಿನ ಆವರ್ತನ) ಹಂತಗಳೇ ನಾಲ್ಕೈದು ಕಿಲೋಹರ್ಟ್ಸ್ ಮೇಲಿನದನ್ನು ಸೋಸುತ್ತವೆ, ಸುಸ್ ಶಬ್ದ ಅಲ್ಲೇ ಹೋಗುತ್ತದೆ. ಸಾಫ್ಟ್‌ವೇರಿನಲ್ಲಿ ತೆಗೆಯಲು ಹೋದರೆ ಜೊತೆಗೆ ಸಿಂಬಲ್ಲಿನ ಮೇಲಿನ ಬ್ರಷ್ ಸದ್ದು, ಕ್ಲಾರಿನೆಟ್ಟಿನ ಉಸಿರು ಎರಡೂ ಹೋಗುತ್ತವೆ. ಆ ಉಸಿರು ಇಲ್ಲದ ಸ್ವಿಂಗ್ ಯಾರಿಗೆ ಬೇಕು.

#7 ಮೂರು_ಮೀಟರ್

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಈ ತಟ್ಟೆಗಳಲ್ಲಿ ಮೆಲ್ಲಗೆ ಮತ್ತು ಜೋರಿನ ಅಂತರವೇ ಕಡಿಮೆ. ಹಾಗಾಗಿ 2:1 ಕಂಪ್ರೆಸರ್ (ಜೋರು ತಗ್ಗಿಸುವುದು), ಕೊನೆಗೊಂದು ಲಿಮಿಟರ್ (ಮಿತಿ ದಾಟದಂತೆ ತಡೆಯುವುದು), ಅಷ್ಟೇ. ದೊಡ್ಡ ಕೇಂದ್ರಗಳ ಹಾಗೆ ಹಿಂಡಿದರೆ ತಟ್ಟೆಯ ಸವೆತವೆಲ್ಲ ಮುಂದೆ ಬರುತ್ತದೆ.

ಮಾಡ್ಯುಲೇಶನ್ ಅಳೆಯಲು ಆಸಿಲೋಸ್ಕೋಪ್ ಬೇಕು. ಅಲೆಯ ಅತಿ ದಪ್ಪ 3 ವೋಲ್ಟ್, ಅತಿ ತೆಳು 0.2 ಬಂದರೆ ಕಳೆದ 2.8ನ್ನು ಕೂಡಿದ 3.2ರಿಂದ ಭಾಗಿಸಿ: 87.5 ಶೇಕಡ. ಅಲ್ಲೇ ನಿಲ್ಲಿಸಿ. ಹಳೇ ಸೆಟ್ಟಿನ ಡಯೋಡ್ ಡಿಟೆಕ್ಟರ್ 90 ದಾಟಿದ ಮೇಲೆ ತಾನೇ ಒಡೆಯುತ್ತದೆ, ಟ್ರಾನ್ಸ್‌ಮಿಟರ್ ಎಷ್ಟು ಶುದ್ಧವಿದ್ದರೂ.

ಈಗ 100 ಮಿಲಿವ್ಯಾಟ್. ಕೊನೆಯ ಟ್ರಾನ್ಸಿಸ್ಟರಿಗೆ 12 ವೋಲ್ಟ್ ಹೋಗುತ್ತಿದ್ದರೆ 8.3 ಮಿಲಿಆಂಪ್ ಮಿತಿ. ಆ ಸಪ್ಲೈ ಎಳೆಯಲ್ಲಿ 10 ಓಮ್ ರೆಸಿಸ್ಟರ್ ಹಾಕಿ, ಅದರ ಎರಡು ತುದಿಗೆ ಮೀಟರ್ ಇಡಿ. 83 ಮಿಲಿವೋಲ್ಟ್ ತೋರಿಸಿದರೆ ಗಡಿಯಲ್ಲಿದ್ದೀರಿ.

ಆಂಟೆನಾ ಲೆಕ್ಕ ಎಲ್ಲರಿಗೂ ತಿಳಿದಿರಬೇಕು, ಆಗ ನಿರಾಸೆ ಇರುವುದಿಲ್ಲ. 1590 ಕಿಲೋಹರ್ಟ್ಸ್‌ನಲ್ಲಿ ಕಾಲು ಅಲೆ 47 ಮೀಟರ್. ನಮ್ಮದು 3. ಅದರ ರೇಡಿಯೇಶನ್ ರೆಸಿಸ್ಟೆನ್ಸ್ (ಗಾಳಿಗೆ ಹೋಗುವ ಶಕ್ತಿಯ ಅಳತೆ) ಬರೀ 0.1 ಓಮ್. ಕಾಯಿಲ್‌ನಲ್ಲಿ 17 ಓಮ್, ನೆಲದಲ್ಲಿ 20 ಓಮ್ ನಷ್ಟ ಅಂದುಕೊಂಡರೆ ಶೇಕಡ 0.27 ಮಾತ್ರ ಗಾಳಿಗೆ ಹೋಗುತ್ತದೆ, ಅಂದರೆ ಹೆಚ್ಚೆಂದರೆ ಮಿಲಿವ್ಯಾಟ್‌ನ ಕಾಲು ಭಾಗದಷ್ಟು. ಎರಡು ಮೂರು ಮನೆಗೆ ಅದು ಸಾಕು. ಪವರ್ ಹೆಚ್ಚಿಸುವ ಹಾದಿ ಇಲ್ಲದ್ದರಿಂದ ನಷ್ಟ ಇಳಿಸುವುದೇ ಇರುವ ಕೆಲಸ.

#8 ಧಾರವಾಡ_ಬೆಸುಗೆ

ಕಾಯಿಲ್ ಸುತ್ತೂದು ಹೇಳ್ತೀನಿ. 3 ಮೀಟರ್ ಕಡ್ಡಿ ಅಂದ್ರ ಸುಮಾರು 30 ಪಿಕೋಫ್ಯಾರಡ್. 1590ಕ್ಕ ಅದನ್ನ ಕುಣಿಸಾಕ 335 ಮೈಕ್ರೋಹೆನ್ರಿ ಬೇಕ್ರಿ. 110 ಮಿಲಿಮೀಟರ್ ಹೊರಗಿನ ಅಳತಿ ಇರೂ ಪಿವಿಸಿ ಪೈಪ್, ಒಂದು ಗೇಣು ಉದ್ದ. 0.7 ಮಿಲಿಮೀಟರ್ ಇನಾಮಲ್ ತಂತಿ, 20 ಮೀಟರ್. ಒತ್ತಿ ಒತ್ತಿ 55 ಸುತ್ತು. 40ನೇ ಸುತ್ತಿನಿಂದ ಮುಂದ ಮೂರು ಸುತ್ತಿಗೊಂದು ಟ್ಯಾಪ್ ತೆಗೀರಿ, ಇನಾಮಲ್ ಚಂದಾಗಿ ಕೆರದು ಬೆಸುಗಿ ಹಾಕ್ರಿ. 50ರ ಹತ್ರ ಎಲ್ಲೋ ಕುಂಡರ್ತದ. ಪೈಪಿಗೆ ನೀರು ಹೋಗಬಾರದು, ಮಳಿ ಬಂದು ಕಾಯಿಲ್ ತೊಯ್ದ್ರ ಶ್ರುತಿ ಕೆಳಗ ಸರೀತದ, ನಷ್ಟಾನೂ ಏರ್ತದ.

ಟ್ಯೂನ್ ಮಾಡೂವಾಗ ನೀವು ಪಕ್ಕದಾಗ ನಿಂತ್ರ ತಪ್ಪು ಬರ್ತದ್ರಿ. ಕಡ್ಡಿ ಹತ್ರ ಕೈ ಒಯ್ದ್ರ ಸಾಕು, ಕೈಯ ಕೆಪಾಸಿಟಿ ಕೂಡಿ ಸಿಗ್ನಲ್ ಅಳಿಯೂ ಮೀಟರಿನ ಮುಳ್ಳು ದಬಕ್ಕನ ಬೀಳ್ತದ. ಟ್ಯಾಪ್ ಬದಲಿ ಮಾಡಿ ಎರಡು ಮೀಟರ್ ಹಿಂದ ಸರೀರಿ, ಆಮ್ಯಾಲ ಮೀಟರ್ ನೋಡ್ರಿ. ಕೈ ಒಯ್ದಾಗ ಮುಳ್ಳು ಏರಿದ್ರ ಸುತ್ತು ಕಮ್ಮಿ ಆಗ್ಯಾವ ಅಂತ ಅರ್ಥ. ಬಿದ್ರ ಸರಿ ಜಾಗದಾಗ ಅದೀರಿ, ಇಲ್ಲಾ ಒಂಚೂರು ದಾಟೀರಿ.

#9 ಹೊಸ_ಕಿವಿ

ಮೈಸೂರಿನಿಂದ. ಇದನ್ನೇ ಇಲ್ಲಿ ಮಾಡಬಹುದಾ? ಮನೆಯಲ್ಲಿ ಬುಷ್ ವಾಲ್ವ್ ರೇಡಿಯೋ ಇದೆ, ಫೋನಿನಲ್ಲಿ ಹಳೇ ಜಾಝ್ ಇದೆ.

#10 ಮೂರು_ಮೀಟರ್

ಪಾರ್ಟ್ 15 ಅಮೆರಿಕದ್ದು, ಇಲ್ಲಿಗೆ ಎಳೆದು ತರಬೇಡಿ. ಅದೂ ಮೈಸೂರಿನಿಂದ ಈ ಪ್ರಶ್ನೆ ಬಂದದ್ದಕ್ಕೆ ಒಂದು ಮಾತು: 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಶುರು ಮಾಡಿದ್ದೇ ಆಕಾಶವಾಣಿ. ಇಡೀ ದೇಶದ ರೇಡಿಯೋಗೆ ಆ ಹೆಸರು ಆಮೇಲೆ ಬಂತು. ಇವತ್ತು ಒಬ್ಬ ವ್ಯಕ್ತಿಗೆ ಅಂಥ ಅನುಮತಿ ಸಿಗುವುದಿಲ್ಲ. ಸಮುದಾಯ ರೇಡಿಯೋ ಲೈಸೆನ್ಸ್ ಕೊಡುವುದು ಕಾಲೇಜು, ಕೃಷಿ ವಿಜ್ಞಾನ ಕೇಂದ್ರ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೆ, ಅದೂ ಎಫ್‌ಎಂನಲ್ಲಿ. ನಿಮ್ಮೂರಿನ ಅಂಥ ಕೇಂದ್ರಕ್ಕೆ ವಾರಕ್ಕೊಂದು ಗಂಟೆಯ ಕಾರ್ಯಕ್ರಮ ತಯಾರಿಸಿ ಕೊಡುವುದು ನೇರ ದಾರಿ.

ಮನೆಯೊಳಗೆ ಕೇಳಲು ಗಾಳಿಯೇ ಬೇಕಿಲ್ಲ. ನಿಮ್ಮ ಬುಷ್ ಹಿಂಬದಿಯಲ್ಲಿ ಎರಡು ಸಣ್ಣ ತೂತು, ಪಕ್ಕದಲ್ಲಿ ಪಿಯು ಅಥವಾ ಗ್ರಾಂ ಎಂದು ಬರೆದಿದೆಯಾ ನೋಡಿ. ಗ್ರಾಮಫೋನ್ ಪಿಕಪ್ ಕೂಡಿಸಲು ಮಾಡಿದ್ದು. ಕೋಲಾರದ ಬೂದಿಕೋಟೆಯ ಸಮುದಾಯ ರೇಡಿಯೋ ‘ನಮ್ಮ ಧ್ವನಿ’ಯೂ ಲೈಸೆನ್ಸ್ ಇಲ್ಲದ ದಿನಗಳಲ್ಲಿ ಕೇಬಲ್ ಮೂಲಕವೇ ಊರಿಗೆ ಕೇಳಿಸುತ್ತಿತ್ತು. ತಂತಿಗೆ ಮರ್ಯಾದೆ ಕಮ್ಮಿಯೇನಲ್ಲ.

#11 ಧಾರವಾಡ_ಬೆಸುಗೆ

ಹೊಸ_ಕಿವಿ ಅವರ, ತೂತಿಗೆ ವಾಯರ್ ಹಾಕೂ ಮೊದ್ಲ ಸೆಟ್ ಎಸಿ ಅದನೋ ಎಸಿ-ಡಿಸಿ ಅದನೋ ಹಿಂದಿನ ಚೀಟಿ ಓದ್ರಿ. ಎಸಿ-ಡಿಸಿ ಇದ್ರ ಚಾಸಿ ಲೈವ್, 230 ವೋಲ್ಟ್. ಒಳಗ ಐಸೊಲೇಶನ್ ಇಲ್ಲದ ಪಿಯು ತೂತಿಗೆ ಫೋನ್ ಹಚ್ಚಬ್ಯಾಡ್ರಿ, ಚಾರ್ಜರ್ ಹಾಕಿದ್ರಂತೂ ಬ್ಯಾಡೇ ಬ್ಯಾಡ. ಎಸಿ ಸೆಟ್ ಇದ್ರ ಫೋನಿನ ಎಡ ಬಲ ಎರಡಕ್ಕೂ 1 ಕಿಲೋಓಮ್ ಒಂದೊಂದು ಹಾಕಿ ಒಂದ ಎಳಿ ಮಾಡಿ ಕೊಡ್ರಿ. ಬೆಂಗಳೂರಿನ ಎಸ್‌ಪಿ ರೋಡಿನ್ಯಾಗ ಎಲ್ಲಾ ಸಿಗ್ತದ.

#12 ಹಕ್ಕಿನ_ಲೆಕ್ಕ

ಕಾಪಿರೈಟ್ ಬಗ್ಗೆ ಯಾರೂ ಬರೆದಿಲ್ಲ. ಒಂದು ತಟ್ಟೆಯಲ್ಲಿ ಎರಡು ಹಕ್ಕು ಇರುತ್ತವೆ: ಹಾಡಿನದು, ರೆಕಾರ್ಡಿಂಗಿನದು. ಎರಡಕ್ಕೂ ಬೇರೆ ಬೇರೆ ಗಡಿಯಾರ.

ಅಮೆರಿಕದಲ್ಲಿ 2018ರ ಕಾಯ್ದೆಯ ಪ್ರಕಾರ 1923ರಿಂದ 1946ರವರೆಗೆ ಹೊರಬಂದ ರೆಕಾರ್ಡಿಂಗಿಗೆ 100 ವರ್ಷ. 1925ರದು 2026ರ ಜನವರಿ 1ಕ್ಕೆ ಬಿಡುಗಡೆ, ಓಹಾಯೋ ಅವರ ಬಳಿಯ 1927ರದು 2028ಕ್ಕೆ, 1946ರದು 2047ಕ್ಕೆ. 1947ರಿಂದ 1956ರವರೆಗಿನದಕ್ಕೆ 110 ವರ್ಷ. ಎಣಿಸಬೇಕಾದ್ದು ಹೊರಬಂದ ವರ್ಷ, ನುಡಿಸಿದ ವರ್ಷವಲ್ಲ. ಸ್ವಿಂಗ್ ಬ್ಯಾಂಡಿನ ನಾಯಕ ಬೆನ್ನಿ ಗುಡ್‌ಮನ್ ಅವರ ಕಾರ್ನೆಗೀ ಹಾಲ್ ಕಛೇರಿ ನಡೆದದ್ದು 1938ರ ಜನವರಿ 16ಕ್ಕೆ, ತಟ್ಟೆಯಾಗಿ ಬಂದದ್ದು 1950ರಲ್ಲಿ. ಹಾಗಾಗಿ ಅದು 110ರ ಗುಂಪಿಗೆ.

ಭಾರತದಲ್ಲಿ ರೆಕಾರ್ಡಿಂಗಿಗೆ ಹೊರಬಂದ ವರ್ಷದ ನಂತರ 60 ವರ್ಷ. ನಮ್ಮ ಇಡೀ ಸ್ವಿಂಗ್ ಕಾಲ ಅದರಾಚೆಗೆ ಹೋಗಿ ಆಯಿತು. ಹಾಡಿಗೆ ಮಾತ್ರ ಬರೆದವರ ಮರಣಾನಂತರ 60 ವರ್ಷ: ಜಾರ್ಜ್ ಗೆರ್ಶ್ವಿನ್ ತೀರಿಕೊಂಡದ್ದು 1937ರಲ್ಲಿ, ಅವರದು ಮುಕ್ತ. ಡ್ಯೂಕ್ ಎಲಿಂಗ್ಟನ್ 1974ರಲ್ಲಿ, ಅವರ ರಚನೆಗೆ 2034 ಮುಗಿಯಬೇಕು. ಗೀತಕಾರರು ಬೇರೆ ಇದ್ದರೆ ಅವರ ವರ್ಷವನ್ನೂ ನೋಡಿ.

ಇನ್ನೊಂದು ವಿಚಾರ, ಇದೇ ಹೆಚ್ಚು ಜನರನ್ನು ಸಿಕ್ಕಿಸುವುದು. ಅಮೆರಿಕದಲ್ಲಿ ಎಎಂ ಎಫ್‌ಎಂ ಗಾಳಿ ಪ್ರಸಾರಕ್ಕೆ ರೆಕಾರ್ಡಿಂಗ್ ಮಾಲೀಕರಿಗೆ ಹಣವಿಲ್ಲ, ಸಾರ್ವಜನಿಕವಾಗಿ ಕೇಳಿಸಿದಾಗ ಹಾಡಿನ ಮಾಲೀಕರಿಗೆ ಆಸ್ಕಾಪ್, ಬಿಎಂಐ ಎಂಬ ವಸೂಲಿ ಸಂಸ್ಥೆಗಳ ಮೂಲಕ ಉಂಟು. ಅದೇ ಕಾರ್ಯಕ್ರಮವನ್ನು ಇಂಟರ್‌ನೆಟ್ಟಿಗೂ ಬಿಟ್ಟ ಕ್ಷಣ ರೆಕಾರ್ಡಿಂಗ್ ಹಕ್ಕೂ ಬರುತ್ತದೆ. ಆಗ ರೆಕಾರ್ಡಿಂಗ್ ಹಣ ವಸೂಲಿ ಮಾಡುವ ಸೌಂಡ್‌ಎಕ್ಸ್‌ಚೇಂಜ್ ಸಂಸ್ಥೆಯ ಲೈಸೆನ್ಸ್, ಜೊತೆಗೆ ಮೂರು ಗಂಟೆಯೊಳಗೆ ಒಬ್ಬ ಕಲಾವಿದರ ನಾಲ್ಕಕ್ಕಿಂತ ಹೆಚ್ಚು ಹಾಡು ಬೇಡ, ಸತತವಾಗಿ ಮೂರಕ್ಕಿಂತ ಹೆಚ್ಚು ಬೇಡ. ಮುಂದೆ ಬರುವ ಹಾಡಿನ ಪಟ್ಟಿ ಮೊದಲೇ ಪ್ರಕಟಿಸುವಂತಿಲ್ಲ. ಒಂದು ಗಂಟೆ ಪೂರ್ತಿ ಎಲಿಂಗ್ಟನ್ ಹಾಕುವ ಆಸೆ ಎಎಂನಲ್ಲಿ ನಡೆಯುತ್ತದೆ, ಆ ಲೈಸೆನ್ಸಿನ ಸ್ಟ್ರೀಮ್‌ನಲ್ಲಿ ನಡೆಯದು.

#13 ಅರಗಿನ_ತಟ್ಟೆ

ವರ್ಷ ಪತ್ತೆಗೆ ಒಂದು ಕೀಲಿ. ಲೇಬಲ್ ಸುತ್ತ ಖಾಲಿ ಜಾಗದಲ್ಲಿ ಕೆತ್ತಿದ ಮ್ಯಾಟ್ರಿಕ್ಸ್ ಸಂಖ್ಯೆ ಇರುತ್ತದೆ. ದೀಪ ಓರೆಯಾಗಿ ಹಿಡಿದರೆ ಕಾಣುತ್ತದೆ. ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಮೆರಿಕನ್ ಐತಿಹಾಸಿಕ ರೆಕಾರ್ಡಿಂಗ್ ಸೂಚಿಯಲ್ಲಿ ಅದನ್ನು ಹಾಕಿದರೆ ನುಡಿಸಿದ ದಿನ, ಬಹಳ ಸಲ ಬ್ಯಾಂಡಿನವರ ಹೆಸರೂ ಸಿಗುತ್ತದೆ. ಕಾರ್ಯಕ್ರಮದಲ್ಲಿ ಹೇಳಲು ಅದಕ್ಕಿಂತ ಒಳ್ಳೆಯ ಮಾಹಿತಿ ಬೇಡ.

1942ರ ನಂತರದ ತಟ್ಟೆ ಆರಿಸುವಾಗ ಎರಡು ವಿಷಯ ನೆನಪಿರಲಿ. ಆ ವರ್ಷದ ಆಗಸ್ಟ್ 1ರಿಂದ ಅಮೆರಿಕದ ಸಂಗೀತಗಾರರ ಸಂಘ ರೆಕಾರ್ಡಿಂಗ್ ನಿಲ್ಲಿಸಿತು. ಡೆಕ್ಕಾ 1943ರಲ್ಲಿ, ವಿಕ್ಟರ್ ಮತ್ತು ಕೊಲಂಬಿಯಾ 1944ರ ನವೆಂಬರಿನಲ್ಲಿ ರಾಜಿಯಾದವು. ನಡುವೆ ಬಂದ ಎಷ್ಟೋ ತಟ್ಟೆ ಹಿಂದೆ ನುಡಿಸಿಟ್ಟದ್ದು, ಇಲ್ಲವೇ ವಾದ್ಯವಿಲ್ಲದ ಗಾಯನ. ಜೊತೆಗೆ ಯುದ್ಧದಿಂದ ನಮ್ಮ ಕಡೆಯ ಅರಗಿನ ಸಾಗಣೆ ಕಷ್ಟವಾಗಿ, ಹಳೇ ತಟ್ಟೆ ಪುಡಿ ಮಾಡಿ ಮತ್ತೆ ಒತ್ತಿದರು. ಅವು ಹೊಸದಾಗಿದ್ದಾಗಲೇ ಗರಗರ. ನೀವು ತೊಳೆದದ್ದು ಸಾಲಲಿಲ್ಲ ಎಂದು ಮತ್ತೆ ಮತ್ತೆ ಉಜ್ಜಬೇಡಿ. ಅದೇ ಕಾಲದ ಸೈನಿಕರ ವಿ-ಡಿಸ್ಕ್ 12 ಇಂಚಿನ ವಿನೈಲ್, ಶಬ್ದ ಬಹಳ ಕಮ್ಮಿ, ಒಂದು ಬದಿಗೆ ಆರು ನಿಮಿಷದವರೆಗೂ ಹೋಗುತ್ತದೆ.

ಕಲ್ಕತ್ತಾದಲ್ಲಿ ಒತ್ತಿದ ಇಂಡಿಯನ್ ಕೊಲಂಬಿಯಾ ತಟ್ಟೆ ಸಿಕ್ಕರೆ ಬಿಡಬೇಡಿ. ಶಿಕಾಗೋದಿಂದ ಬಂದು ಕಲ್ಕತ್ತಾದಲ್ಲಿ ಬ್ಯಾಂಡ್ ನಡೆಸಿ 1945ರಲ್ಲಿ ಅಲ್ಲೇ ತೀರಿಕೊಂಡ ಪಿಯಾನೋ ವಾದಕ ಟೆಡ್ಡಿ ವೆದರ್‌ಫರ್ಡ್ ಅದರಲ್ಲಿದ್ದಾರೆ. ಅಮೆರಿಕದಲ್ಲಿ ಕೇಳಿದವರು ಕಡಿಮೆ, ಓಹಾಯೋದ ಗಾಳಿಯಲ್ಲಿ ಅದು ಬಂದರೆ ಚೆಂದ.

#14 ಓಹಾಯೋ_ಡಯಲ್

1590ರಲ್ಲಿ ನಿಂತಿದೆ, 49ನೇ ಸುತ್ತಿನ ಟ್ಯಾಪ್, 10 ಓಮ್ ಮೇಲೆ 81 ಮಿಲಿವೋಲ್ಟ್. ಪಕ್ಕದ ಎರಡೂ ಮನೆಯಲ್ಲಿ ಸ್ಪಷ್ಟ. ಎರಡು ತೊಂದರೆ. ಒಂದು, 680ರಲ್ಲೂ ಇದೇ ಸಂಗೀತ ಕೇಳುತ್ತದೆ. ಎರಡು, ಸರಿಯಾಗಿ 1590ಕ್ಕೆ ಟ್ಯೂನ್ ಆದಾಗ ಮಾತ್ರ ಗುಂಯ್ ಎನ್ನುತ್ತದೆ. ಡಯಲ್ ಸರಿಸಿದರೆ ಗುಂಯ್ ಇಲ್ಲ. ಹಾಗಾಗಿ ರೇಡಿಯೋದ ಫಿಲ್ಟರ್ ಕೆಪಾಸಿಟರ್ ಅಲ್ಲ ಅನಿಸುತ್ತದೆ.

#15 ಮೂರು_ಮೀಟರ್

680 ದೋಷವಲ್ಲ, ಇಮೇಜ್, ಅಂದರೆ ಒಂದೇ ಸಿಗ್ನಲ್ ಡಯಲಿನ ಇನ್ನೊಂದು ಕಡೆಯೂ ಕೇಳುವುದು. ನಿಮ್ಮ ಐಎಫ್ 455. ಡಯಲ್ 680ರಲ್ಲಿದ್ದಾಗ ಒಳಗಿನ ಆಸಿಲೇಟರ್ 1135ರಲ್ಲಿ ಓಡುತ್ತದೆ. ಅದಕ್ಕೆ 455 ಕೂಡಿಸಿದರೂ 1590. ಟ್ರಾನ್ಸ್‌ಮಿಟರ್ ಒಂದೇ ಕೋಣೆಯಲ್ಲಿರುವುದರಿಂದ ಜೋರಾಗಿದೆ, ನಾಲ್ಕೈದು ಮೀಟರ್ ದೂರ ಒಯ್ಯಿರಿ, ಇಳಿಯುತ್ತದೆ.

ಗುಂಯ್ ಬಗ್ಗೆ ನಿಮ್ಮ ಊಹೆ ಸರಿ. ನಿಮ್ಮ ಸಿಗ್ನಲ್ ಮನೆಯ ವೈರಿಂಗಿಗೂ ಹೋಗಿ, ಅಡಾಪ್ಟರಿನ ಡಯೋಡ್ ಮೂಲಕ ಸೆಕೆಂಡಿಗೆ 120 ಸಲ ಕತ್ತರಿಸಿಕೊಂಡು ವಾಪಸ್ ಬರುತ್ತಿದೆ. ಮೊದಲು 12 ವೋಲ್ಟ್ ಬ್ಯಾಟರಿಯಲ್ಲಿ ಓಡಿಸಿ ನೋಡಿ. ಗುಂಯ್ ಹೋದರೆ ದಾರಿ ಮೇನ್ಸ್ ಮೂಲಕ ಎಂದು ಖಚಿತ. ಆಗ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಮಾದರಿಯ ಅಡಾಪ್ಟರ್ ತಂದು, ಅದರ ನಾಲ್ಕೂ ಡಯೋಡಿಗೆ ಸಮಾನಾಂತರವಾಗಿ 0.01 ಮೈಕ್ರೋಫ್ಯಾರಡ್ ಸಿರಾಮಿಕ್ ಒಂದೊಂದು ಹಾಕಿ. ಸ್ವಿಚ್‌ಮೋಡ್ ಅಡಾಪ್ಟರ್ ಬೇಡ, ಅದರ ಕಿರಿಕಿರಿ ಇಡೀ ಮೀಡಿಯಂ ವೇವ್ ತುಂಬುತ್ತದೆ. ಸಪ್ಲೈ ಎಳೆ, ಆಡಿಯೋ ಎಳೆ ಎರಡನ್ನೂ ಟ್ರಾನ್ಸ್‌ಮಿಟರಿನ ಬುಡದಲ್ಲೇ 31 ನಂಬರ್ ಫೆರೈಟ್ ರಿಂಗಿಗೆ ಹತ್ತು ಸುತ್ತು ಸುತ್ತಿ. ಸುತ್ತದಿದ್ದರೆ ಆ ಎಳೆಗಳೂ ಆಂಟೆನಾದ ಭಾಗವಾಗಿ ನಿಮ್ಮ 3 ಮೀಟರ್ ಲೆಕ್ಕ ಹಾಳಾಗುತ್ತದೆ. ಕಂಪ್ಯೂಟರ್ ಮತ್ತು ಟ್ರಾನ್ಸ್‌ಮಿಟರ್ ನಡುವೆ 600 ಓಮ್ ಒಂದಕ್ಕೊಂದು ಆಡಿಯೋ ಟ್ರಾನ್ಸ್‌ಫಾರ್ಮರ್ ಇರಲಿ.

#16 ಓಹಾಯೋ_ಡಯಲ್

ಬ್ಯಾಟರಿಯಲ್ಲಿ ಗುಂಯ್ ಪೂರ್ತಿ ಹೋಯಿತು. ಕೆಪಾಸಿಟರ್, ಫೆರೈಟ್ ಹಾಕಿದ ಮೇಲೆ ಅಡಾಪ್ಟರಿನಲ್ಲೂ ಇಲ್ಲ. ಫೆರೈಟ್ ಹಾಕಿದ್ದಕ್ಕೆ ಶ್ರುತಿ ಸ್ವಲ್ಪ ಸರಿಯಿತು, ಟ್ಯಾಪ್ 52ಕ್ಕೆ ಹೋಗಬೇಕಾಯಿತು. ಹತ್ತಿಂಚಿನ ಒಂದು ಬದಿಗೆ ಮೂರು ನಿಮಿಷದ ಲೆಕ್ಕದಲ್ಲಿ ಒಂದು ಗಂಟೆಗೆ ಮಾತು ಸೇರಿ 17 ಬದಿ ಹಿಡಿಯುತ್ತಿದೆ.

#17 ಅರಗಿನ_ತಟ್ಟೆ

17ಕ್ಕೆ ಮಾತು ತೀರಾ ಕಮ್ಮಿಯಾಗುತ್ತದೆ, 16 ಇಡಿ. ರೆಕಾರ್ಡ್ ಆದ ದಿನ, ಊರು, ಕ್ಲಾರಿನೆಟ್ ಯಾರದು ಎಂದು ಹೇಳಲು ಪ್ರತಿ ಬದಿಗೆ ಮುಕ್ಕಾಲು ನಿಮಿಷವಾದರೂ ಬೇಕು.